ಏಳನೇ ಟೇಬಲ್‌ಗೆ ಒಂದು ಕ್ಯಾಪ್ಟನ್

ಆ ಬುಧವಾರ ಮಧ್ಯಾಹ್ನ ಒಂದೂಕಾಲಕ್ಕೆ ಅಡುಗೆಮನೆಯ ಕಿಟಕಿಗೆ ಬಂದ ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು. ‘ಟೇಬಲ್ ಏಳು. ಒಂದು ಕ್ಯಾಪ್ಟನ್.’

ಎಂದಿನಂತೆ ತಟ್ಟೆ ಸಜ್ಜು ಮಾಡಿದೆ. ಬಟ್ಟಲಿನಿಂದ ಬೋರಲು ಹಾಕಿದ ಬಿಳಿ ಅನ್ನ, ಪಕ್ಕದಲ್ಲಿ ಎರಡು ತುಂಡು ಕೋಳಿ, ಮೇಲೆ ತಿಳಿಗೆಂಪು ಗ್ರೇವಿ, ಅದರ ಮೇಲೆ ಒಣದ್ರಾಕ್ಷಿ, ಹುರಿದ ಬಾದಾಮಿಯ ಚೂರು. ಗಂಟೆ ಬಾರಿಸಿದೆ. ಕನ್ನಡಕದ ವೇಟ್ರೆಸ್ ಬಂದವಳೇ ತಟ್ಟೆ ನೋಡಿ ಹಣೆ ಚಚ್ಚಿಕೊಂಡಳು.

“ಅಯ್ಯೋ, ಇದಲ್ಲ ಮೇಡಂ. ನಾನೇ ತಪ್ಪು ಬರೆದೆ. ಅವರು ಊಟ ಕೇಳ್ಲಿಲ್ಲ. ಕ್ಯಾಪ್ಟನ್ ಬೇಕು ಅಂದ್ರು.”

“ಯಾವ ಕ್ಯಾಪ್ಟನ್?”

“ಎರಡು ಕಾಲಿನ ಕ್ಯಾಪ್ಟನ್. ನಮ್ಮ ಕ್ಯಾಪ್ಟನ್.”

“ಕೋಳಿಗೂ ಎರಡೇ ಕಾಲು,” ಎಂದರು ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅಕ್ಕ, ತಲೆ ಎತ್ತದೆ.

ನಮ್ಮ ಹೋಟೆಲಿನಲ್ಲಿ ಇಬ್ಬರು ಕ್ಯಾಪ್ಟನ್‌ಗಳಿದ್ದರು. ಒಬ್ಬರು ಕಪ್ಪು ಕೋಟು ಹಾಕಿ, ಟೇಬಲ್ಲಿಂದ ಟೇಬಲ್ಲಿಗೆ ಹೋಗಿ ಆರ್ಡರ್ ತೆಗೆದುಕೊಳ್ಳುವವರು. ದೊಡ್ಡ ಹೋಟೆಲುಗಳಲ್ಲಿ ಆ ಕೆಲಸಕ್ಕೆ ಹಾಗೇ ಹೆಸರು. ಇನ್ನೊಂದು ನನ್ನ ಪಾತ್ರೆಯಲ್ಲಿ ಇರುವುದು, ಕಂಟ್ರಿ ಕ್ಯಾಪ್ಟನ್. ಕೋಳಿಯನ್ನು ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು ತೆಗೆದಿಟ್ಟು, ಅದೇ ಬೆಣ್ಣೆಯಲ್ಲಿ ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಟೊಮ್ಯಾಟೊ ಬಾಡಿಸಿ, ಕರಿ ಪೌಡರ್ ಎರಡೇ ಚಮಚ ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಲು ಬಿಡುವ ಅಡುಗೆ. ಖಾರ ಇದ್ದೂ ಇಲ್ಲದ ಹಾಗೆ. ಹೊರದೇಶದ ದೊರೆಗಳು ಆಳುತ್ತಿದ್ದ ಕಾಲದಲ್ಲಿ ಸರಕಿನ ಹಡಗಿನ ಕ್ಯಾಪ್ಟನ್ ಒಬ್ಬ ಬಂದರಿನಿಂದ ಬಂದರಿಗೆ ಈ ರುಚಿಯನ್ನು ಹೊತ್ತು ತಿರುಗಿದ ಎಂದು ಮೆನು ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದರು ಯಜಮಾನರು. ಯಾವ ಕ್ಯಾಪ್ಟನ್, ಯಾವ ಹಡಗು ಎಂದು ಗಿರಾಕಿಗಳು ಕೇಳಿದರೆ ಅವರು ಕೆಮ್ಮುತ್ತಿದ್ದರು.

ನಾನು ಕಿಟಕಿಯ ಹತ್ತಿರ ಹೋದೆ. ಉಪ್ಪಿನ ಡಬ್ಬಿ ಅಲ್ಲಿತ್ತು ಎಂಬುದೊಂದು ನೆಪ.

ಏಳನೇ ಟೇಬಲಿನಲ್ಲಿ ಬೂದು ಬಣ್ಣದ ಉಡುಪಿನ ಹೆಂಗಸು ಕುಳಿತಿದ್ದಳು. ಗಿಡ್ಡ ಕೂದಲು, ಉದ್ದ ಕತ್ತು. ಕ್ಯಾಪ್ಟನ್ ಅವಳ ಎದುರು ನಿಂತಿದ್ದರು; ಕೈಯಲ್ಲಿ ಆರ್ಡರ್ ಪುಸ್ತಕ ಇತ್ತು, ಆದರೆ ಪೆನ್ನು ಜೇಬಿನಲ್ಲೇ ಇತ್ತು. ಅವಳು ಏನೋ ಹೇಳಿ ಅವರ ಕೋಟಿನ ತೋಳನ್ನು ಎರಡು ಬೆರಳಿನಿಂದ ಎಳೆದಳು. ಅವರು ನಕ್ಕರು.

ಆ ನಗು ನನಗೆ ಚೆನ್ನಾಗಿ ಗೊತ್ತು. ಮೊದಲು ತುಟಿ ಬಿಗಿ ಹಿಡಿಯುತ್ತಾರೆ, ಆಮೇಲೆ ಭುಜ ಅಲುಗುತ್ತದೆ, ಕೊನೆಗೆ ಸೋತು ಸದ್ದು ಹೊರಬರುತ್ತದೆ. ಈ ಹೋಟೆಲಿಗೆ ಸೇರಿದ ನಾಲ್ಕು ವರ್ಷದಲ್ಲಿ ಆ ನಗುವನ್ನು ಅವರು ಡೈನಿಂಗ್ ಹಾಲಿನಲ್ಲಿ ಒಮ್ಮೆಯೂ ನಕ್ಕಿರಲಿಲ್ಲ. ಅಲ್ಲಿಗೆ ಬೇರೆ ನಗುವಿತ್ತು, ಇಸ್ತ್ರಿ ಮಾಡಿದ್ದು. ಇದು ಹಿಂದಿನ ಮೆಟ್ಟಿಲಿನ ನಗು. ನನ್ನದು ಎಂದುಕೊಂಡಿದ್ದೆ.

“ಉಪ್ಪಿನ ಡಬ್ಬಿ ಕೆಳಗಿಡು ತಾಯಿ,” ಎಂದರು ಅಕ್ಕ. “ಕೈಯಲ್ಲಿ ಹಿಡ್ಕೊಂಡು ಐದು ನಿಮಿಷ ಆಯ್ತು.”

*

ಹಿಂದಿನ ಮೆಟ್ಟಿಲಿನ ವಿಷಯ ಹೇಳಬೇಕು.

ದಿನಾ ಮಧ್ಯಾಹ್ನ ಮೂರಕ್ಕೆ ಹಾಲ್ ಮುಚ್ಚಿದ ಮೇಲೆ ನಾವಿಬ್ಬರೂ ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲಿನಲ್ಲಿ ತಟ್ಟೆ ಹಿಡಿದು ಕೂರುತ್ತಿದ್ದೆವು. ಅವರು ಮೇಲಿನ ಮೆಟ್ಟಿಲು, ನಾನು ಅದಕ್ಕಿಂತ ಎರಡು ಕೆಳಗೆ. ಎದುರಿಗೆ ಖಾಲಿ ಕ್ರೇಟುಗಳ ರಾಶಿ, ಅದರಾಚೆ ಗೋಡೆ. ಮಾತು ಎಂದರೆ ಎಂಥದ್ದೋ; ಹನ್ನೊಂದನೇ ಟೇಬಲಿನ ಮುದುಕರು ಮತ್ತೆ ಚಮಚ ಜೇಬಿಗೆ ಹಾಕಿಕೊಂಡರು, ಯಜಮಾನರ ಹೊಸ ಬೂಟು ಕಿರುಗುಟ್ಟುತ್ತದೆ. ಅವರು ಒಣದ್ರಾಕ್ಷಿ ತಿನ್ನುತ್ತಿರಲಿಲ್ಲ. ಒಂದೊಂದನ್ನೇ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ನಾನು ಕೈ ಚಾಚಿ ತೆಗೆದುಕೊಂಡು ತಿನ್ನುತ್ತಿದ್ದೆ. ಯಾವತ್ತು ಹಾಗೆ ಶುರುವಾಯಿತೋ ನೆನಪಿಲ್ಲ.

ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಿದ್ದರು, ಯಜಮಾನರು ‘ಏನಮ್ಮಾ’. ಅವರೊಬ್ಬರೇ ‘ಶೆಫ್’ ಎನ್ನುತ್ತಿದ್ದರು. ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ನಾನು ಸಹಾಯಕ ಕುಕ್. ಮುಖ್ಯ ಕುಕ್ ಎಂದು ಇದ್ದದ್ದು ಮಾಸ್ಟರ್ ಹೆಸರು. ಮಾಸ್ಟರ್ ಒಳ್ಳೆಯವರೇ, ಆದರೆ ಮಂಡಿನೋವು. ಬೆಳಗ್ಗೆ ಬಂದು ಸಹಿ ಹಾಕಿ, ಒಂದು ಚಮಚ ಗ್ರೇವಿ ರುಚಿ ನೋಡಿ, “ಹೂಂ” ಎಂದು ಹೇಳಿ, ಸ್ಟೋರಿನ ಪಕ್ಕದ ಕುರ್ಚಿಯಲ್ಲಿ ರೇಡಿಯೊ ಹಾಕಿಕೊಂಡು ಕೂರುತ್ತಿದ್ದರು. ಏಳು ವರ್ಷದಿಂದ ಕ್ಯಾಪ್ಟನ್ ಮಾಡಿದ್ದು ನನ್ನ ಕೈ. ಹೊಗಳಿಕೆ ಬಂದಾಗಲೆಲ್ಲ ಹೋಗುತ್ತಿದ್ದದ್ದು ಆ ರೇಡಿಯೊ ಕಡೆಗೆ.

ಹಾಗಾಗಿ, ಯಾರಾದರೂ ತಟ್ಟೆ ಪೂರ್ತಿ ಖಾಲಿ ಮಾಡಿದ್ದರೆ ಕ್ಯಾಪ್ಟನ್ ಆ ತಟ್ಟೆಯನ್ನು ತಾವೇ ತಂದು ಕಿಟಕಿಯಲ್ಲಿ ನನಗೆ ಕಾಣುವ ಹಾಗೆ ಇಟ್ಟು, ಏನೂ ಹೇಳದೆ ಹೋಗುತ್ತಿದ್ದರು. ಮೂವತ್ತಾರು ವಯಸ್ಸಿನ ಹೆಂಗಸು ಎಂಜಲು ತಟ್ಟೆ ನೋಡಿ ನಾಚಿಕೊಳ್ಳುತ್ತಾಳೆ ಎಂದರೆ ಯಾರು ನಂಬುತ್ತಾರೆ!

ಆದರೆ ನಮ್ಮ ನಡುವೆ ಯಾವ ಮಾತೂ ಆಗಿರಲಿಲ್ಲ. ಎರಡು ಮೆಟ್ಟಿಲಿನ ಅಂತರ ಎರಡೇ ಮೆಟ್ಟಿಲಾಗಿ ಉಳಿದಿತ್ತು.

ಅವತ್ತು ಮೂರು ಗಂಟೆಗೆ ಕೇಳಿದೆ, “ಯಾರು ಆ ಏಳನೇ ಟೇಬಲ್?”

“ಹಳೇ ಪರಿಚಯ,” ಎಂದರು.

“ಎಷ್ಟು ಹಳೇದು?”

“ಹಳೇದು,” ಎಂದು ಹೇಳಿ ಒಣದ್ರಾಕ್ಷಿ ಆರಿಸತೊಡಗಿದರು. ಅವತ್ತು ಅದನ್ನು ತಿನ್ನಲು ನಾನು ಕೈ ಚಾಚಲಿಲ್ಲ. ಅವರು ಗಮನಿಸಿದರು. ನಾನು ಗಮನಿಸಿದ್ದನ್ನೂ ಗಮನಿಸಿದರು. ಇಬ್ಬರೂ ಗೋಡೆ ನೋಡುತ್ತಾ ಊಟ ಮುಗಿಸಿದೆವು.

*

ಮುಂದಿನ ಬುಧವಾರ ಅವಳು ಮತ್ತೆ ಬಂದಳು. ಅದೇ ಟೇಬಲ್, ಅದೇ ಒಂದೂಕಾಲು. ಅಡುಗೆಮನೆಯಲ್ಲಿ ಅವಳಿಗೆ ಆಗಲೇ ‘ಬುಧವಾರದಾಕೆ’ ಎಂದು ಹೆಸರು ಬಿದ್ದಿತ್ತು.

ಈ ಸಲ ಊಟಕ್ಕೂ ಹೇಳಿದ್ದಳು. ನಿಯತ್ತಾಗಿ ಮಾಡಿ ಕಳಿಸಿದೆ. ಒಳ್ಳೆಯ ತೊಡೆ ತುಂಡನ್ನೇ ಹಾಕಿದೆ. ಹೊಟ್ಟೆಕಿಚ್ಚಿದ್ದರೂ ನನ್ನ ತಟ್ಟೆಗೆ ಮಾತು ಬರಬಾರದು ನೋಡಿ. ಅವರು ಅವಳ ಟೇಬಲಿನ ಹತ್ತಿರ ಹನ್ನೆರಡು ನಿಮಿಷ ನಿಂತಿದ್ದರು. ಗೋಡೆ ಗಡಿಯಾರ ನನ್ನ ಒಲೆಯ ಮೇಲೆಯೇ ಇದೆ, ನೋಡದಿರುವುದು ಹೇಗೆ? ಹೊರಡುವಾಗ ಅವಳು ಅವರ ಕತ್ತಿನ ಬೋ ಟೈ ಸರಿ ಮಾಡಿದಳು. ಅದು ಓರೆಯಾಗಿತ್ತು ಎಂಬುದು ನಿಜ. ಬೆಳಗ್ಗೆಯಿಂದ ಓರೆಯಾಗಿಯೇ ಇತ್ತು. ನಾನೂ ನೋಡಿದ್ದೆ. ನಾಲ್ಕು ವರ್ಷದಿಂದ ನೋಡುತ್ತಲೇ ಇದ್ದೇನೆ, ನನ್ನ ಕೈ ಮಾತ್ರ ಮುಂದೆ ಹೋಗಿರಲಿಲ್ಲ.

ಅವಳ ತಟ್ಟೆ ವಾಪಸು ಬಂತು. ಕೋಳಿ ಇಲ್ಲ, ಅನ್ನ ಇಲ್ಲ, ಗ್ರೇವಿಯ ಗುರುತೂ ಇಲ್ಲ. ತಟ್ಟೆಯ ಅಂಚಿನಲ್ಲಿ ಒಣದ್ರಾಕ್ಷಿ ಮಾತ್ರ ಸಾಲಾಗಿತ್ತು. ಎಣಿಸಿದೆ, ಹದಿನೇಳು.

ಯಾರಿಗಾದರೂ ಒಣದ್ರಾಕ್ಷಿ ಇಷ್ಟ ಆಗದೆ ಇರಬಹುದು. ಆದರೆ ಒಂದೊಂದಾಗಿ ಆರಿಸಿ, ಅಂಚಿನಲ್ಲಿ, ಸಾಲಾಗಿ? ಆ ಅಭ್ಯಾಸ ಒಬ್ಬರಿಂದ ಇನ್ನೊಬ್ಬರಿಗೆ ಬಂದಿರಬೇಕು. ಒಂದೇ ತಟ್ಟೆಯಲ್ಲಿ ಉಂಡವರಿಗೆ ಮಾತ್ರ ಬರುವಂಥದ್ದು.

“ಏನಾಯ್ತೇ?” ಎಂದರು ಅಕ್ಕ.

“ಏನಿಲ್ಲ. ಈರುಳ್ಳಿ.”

“ಈರುಳ್ಳಿ ಹೆಚ್ತಿರೋದು ನಾನು.”

ಆ ವಾರವೆಲ್ಲ ನನ್ನ ತಲೆಯೊಳಗೆ ಒಂದು ಸಿನಿಮಾ ಓಡಿತು. ಅವಳ ಮನೆ, ಕಿಟಕಿಯಲ್ಲಿ ಬೂದು ಪರದೆ, ಊಟದ ಮೇಜು, ಅಲ್ಲಿ ಇವರು. ಹಾಲ್ ಒಳಗೆ ಯಾರದೋ ನಗು ಕೇಳಿದರೂ ಕತ್ತು ತಿರುಗುತ್ತಿತ್ತು. ಮೆಟ್ಟಿಲಿಗೆ ಹೋಗುವುದನ್ನು ಬಿಟ್ಟೆ. ತಲೆನೋವು ಎಂದೆ, ಸ್ಟಾಕ್ ನೋಡಬೇಕು ಎಂದೆ. ಅವರು ಒಬ್ಬರೇ ಕೂತು ತಿಂದು ತಟ್ಟೆ ತೊಳೆದಿಟ್ಟು ಹೋಗುತ್ತಿದ್ದರು. ಒಂದು ದಿನ ಕಿಟಕಿಯಲ್ಲಿ ಬಗ್ಗಿ, “ಶೆಫ್, ನನ್ನಿಂದ ಏನಾದ್ರೂ...” ಎಂದು ಶುರು ಮಾಡಿದರು. “ನಾಲ್ಕನೇ ಟೇಬಲ್ ಕಾಯ್ತಿದೆ,” ಎಂದೆ.

*

ಮೂರನೇ ಬುಧವಾರ ನಾನು ಮಾಡಬಾರದ್ದನ್ನು ಮಾಡಿದೆ.

ಚೀಟಿ ಬಂತು. ಈ ಸಲ ಅದರಲ್ಲಿ ಅವರದೇ ಅಕ್ಷರ: ‘ಟೇಬಲ್ 7. ಕಂಟ್ರಿ ಕ್ಯಾಪ್ಟನ್ 1. ಒಣದ್ರಾಕ್ಷಿ ಬೇಡ.’

ಒಣದ್ರಾಕ್ಷಿ ಬೇಡ! ಅವಳ ನಾಲಿಗೆಯ ಮೇಲೆ ಇವರಿಗೆ ಅಷ್ಟು ಕಾಳಜಿ. ನನಗೆ ಏನು ಇಷ್ಟ ಎಂದು ನಾಲ್ಕು ವರ್ಷದಲ್ಲಿ ಯಾವ ಚೀಟಿಯಲ್ಲಾದರೂ ಬರೆದಿದ್ದಾರೆಯೇ?

ಒಂದು ಸಣ್ಣ ಬಾಣಲೆಗೆ ಅವಳ ಪಾಲಿನ ಗ್ರೇವಿ ಬಗ್ಗಿಸಿದೆ. ಅಕ್ಕನ ಹಲಗೆಯಿಂದ ಹಸಿಮೆಣಸಿನಕಾಯಿ ತೆಗೆದುಕೊಂಡೆ. ಒಂದು ಸಾಕು ಎಂದಿತು ಬುದ್ಧಿ. ಆರು ಹಾಕಿದೆ, ಬೀಜ ಸಮೇತ. ಮೇಲೆ ಕಾಳುಮೆಣಸು. ಅದು ಕುದಿಯುವಾಗ ಎದ್ದ ಘಾಟಿಗೆ ಸ್ಟೋರಿನ ಪಕ್ಕದಲ್ಲಿದ್ದ ಮಾಸ್ಟರ್ ಸೀನಿ, ರೇಡಿಯೊದ ಸದ್ದು ಕಡಿಮೆ ಮಾಡಿದರು.

ಅಕ್ಕ ಚಾಕು ಕೆಳಗಿಟ್ಟರು. “ಬೇಡ ಕಣೇ.”

ಗಂಟೆ ಬಾರಿಸಿದೆ. ಅವರೇ ಬಂದು ತಟ್ಟೆ ಎತ್ತಿಕೊಂಡು ಹೋದರು.

ಆಮೇಲೆ ನನಗೆ ಬುದ್ಧಿ ಬಂತು. ಗಿರಾಕಿಯೊಬ್ಬಳ ಊಟವನ್ನು ಬೇಕೆಂದೇ ಕೆಡಿಸಿದ್ದೆ. ಅವಳು ಕೂಗಾಡಿದರೆ ಯಜಮಾನರು ನನ್ನನ್ನು ಅವತ್ತೇ ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಅಮ್ಮ, ಅವಳ ಕಣ್ಣಿನ ಆಪರೇಷನ್ ಮುಂದಿನ ತಿಂಗಳು. ಅದೆಲ್ಲಕ್ಕಿಂತ ನಾಚಿಕೆಯಾದದ್ದು ಬೇರೆ. ಆ ಪಾತ್ರೆ, ಆ ಹದ, ಏಳು ವರ್ಷದಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ. ಅದರ ಮಾನವನ್ನು ನಾನೇ ಕಳೆದಿದ್ದೆ.

ಕಿವಿ ಹಾಲಿನ ಕಡೆಗೇ ಇತ್ತು. ಕೂಗು ಕೇಳಲಿಲ್ಲ. ಕೆಮ್ಮೂ ಕೇಳಲಿಲ್ಲ. ಹತ್ತು ನಿಮಿಷದ ನಂತರ ಅವರು ಕಿಟಕಿಗೆ ಬಂದು, “ಏಳನೇ ಟೇಬಲ್‌ಗೆ ಒಂದು ಸೂಪ್, ಬ್ರೆಡ್,” ಎಂದರು. ಮುಖದಲ್ಲಿ ಏನೂ ಇರಲಿಲ್ಲ.

ಮೂರು ಗಂಟೆಗೆ ಹಿಂಬಾಗಿಲು ತೆರೆದಾಗ ಅವರು ಮೆಟ್ಟಿಲ ಮೇಲಿದ್ದರು. ತೊಡೆಯ ಮೇಲೆ ಆ ತಟ್ಟೆ. ಅರ್ಧ ಖಾಲಿಯಾಗಿತ್ತು. ಕಣ್ಣಿಂದ ನೀರು ಇಳಿದು ಬಿಳಿ ಕಾಲರ್ ತೊಯ್ದಿತ್ತು, ಮೂಗು ಟೊಮ್ಯಾಟೊ ಹಣ್ಣಿನಂತಾಗಿತ್ತು. ಅವರು ಇನ್ನೊಂದು ಚಮಚ ಬಾಯಿಗಿಟ್ಟು, ನುಂಗಿ, ಉಸಿರು ಎಳೆದುಕೊಂಡರು.

“ಉಪ್ಪು ಸರಿಯಾಗಿದೆ,” ಎಂದರು.

“ಕೊಡಿ ಇಲ್ಲಿ ತಟ್ಟೆ.”

“ಮುಗೀತು, ಇನ್ನು ಸ್ವಲ್ಪ.”

“ಕೊಡಿ ಅಂದೆ! ಯಾಕೆ ತಿಂತಿದ್ದೀರಾ ಅದನ್ನ?”

“ಎಸೆದ್ರೆ ತಟ್ಟೆ ತೊಳೆಯೋರು ನೋಡ್ತಾರೆ, ಘಾಟು ಹೊಡೆಯುತ್ತೆ, ಯಾರದು ಅಂತ ಕೇಳ್ತಾರೆ.” ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡರು. ಅವರ ಜೇಬಿನಲ್ಲಿ ಯಾವಾಗಲೂ ಮಡಿಸಿದ ಕರವಸ್ತ್ರ ಇರುತ್ತದೆ. ಅದು ಮೊದಲೇ ಒದ್ದೆಯಾಗಿ ಪಕ್ಕದಲ್ಲಿ ಬಿದ್ದಿತ್ತು. “ಕಿಟಕಿಯಲ್ಲೇ ಗೊತ್ತಾಯ್ತು. ನಿಮ್ಮ ಗ್ರೇವಿ ಬಣ್ಣ ನನಗೆ ಗೊತ್ತಿಲ್ವಾ?”

ನನ್ನ ಬಾಯಿಂದ ಬಂದದ್ದು ಕ್ಷಮೆಯಲ್ಲ. “ಅವಳ ನಾಲಿಗೆ ಸುಡಬಾರದು ಅಂತ ನೀವು ತಿಂದ್ರಾ?”

ಅವರು ನನ್ನನ್ನೇ ನೋಡಿದರು. ಕೆಂಪು ಕಣ್ಣು, ಆದರೂ ನೋಟ ನೆಟ್ಟಗಿತ್ತು.

“ನಿಮ್ಮ ಹೆಸರು ಸುಡಬಾರದು ಅಂತ.”

ನಾನು ಎರಡು ಮೆಟ್ಟಿಲು ಹತ್ತಿ ಅವರ ಪಕ್ಕದಲ್ಲೇ ಕುಳಿತುಬಿಟ್ಟೆ. ಒಳಗೆ ಹೋಗಿ ಮೊಸರು ತರಬೇಕು ಎಂದು ಹೊಳೆಯಲೂ ಇಲ್ಲ. ಅಕ್ಕನೇ ಒಂದು ಬಟ್ಟಲು ತಂದು ಇಬ್ಬರ ನಡುವೆ ಇಟ್ಟು, ಬಾಗಿಲು ಎಳೆದುಕೊಂಡು ಹೋದರು.

*

ಮೊಸರು ತಿನ್ನುತ್ತಾ ಅವರು ಹೇಳಿದರು. ಒಂಬತ್ತು ವರ್ಷದ ಹಿಂದೆ ಅವರೂ ಬುಧವಾರದಾಕೆಯೂ ಸೇರಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಮದುವೆಯಾಗಬೇಕೆಂದು ಮಾತಾಗಿತ್ತು. ಹೋಟೆಲು ಎದ್ದು ನಿಲ್ಲಲಿಲ್ಲ. ಮುಚ್ಚಿದಾಗ ಉಳಿದದ್ದು ಎರಡು ಮೂಟೆ ಒಣದ್ರಾಕ್ಷಿ. ಬೇರೆ ಕೆಲಸ ಸಿಗುವ ತನಕ ಬೆಳಗ್ಗೆ ಅದು, ಮಧ್ಯಾಹ್ನ ಅದು.

“ಆಮೇಲೆ ಇಬ್ರಿಗೂ ಒಣದ್ರಾಕ್ಷಿ ಕಂಡ್ರೆ ಆಗ್ತಿರಲಿಲ್ಲ. ಒಬ್ರನ್ನೊಬ್ರು ಕಂಡ್ರೂ ಆಗ್ತಿರಲಿಲ್ಲ. ಅವಳು ಪ್ರವಾಸಿ ಹಡಗಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದ್ಲು.”

ನನಗೆ ಇದರಿಂದ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅವರು ಹಸಿದಿದ್ದ ದಿನಗಳೆಲ್ಲ ಅವಳ ಪಾಲಾಗಿದ್ದವು. ನನಗೆ ಸಿಕ್ಕಿದ್ದು ಹೊಟ್ಟೆ ತುಂಬಿದ ಮೂರು ಗಂಟೆಯ ಮನುಷ್ಯ.

“ಈಗ ನಿಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದ್ದಾಳೆ.”

ಅವರು ಬಟ್ಟಲು ಕೆಳಗಿಟ್ಟರು. “ಅಲ್ಲ. ನಿಮ್ಮನ್ನ.”

“ನನ್ನನ್ನ?”

“ಊರಾಚೆ ಹಳೇ ಗೋದಾಮು ತಗೊಂಡು ರೆಸ್ಟೋರೆಂಟ್ ಮಾಡ್ತಿದ್ದಾಳೆ. ಇಲ್ಲಿನ ಕ್ಯಾಪ್ಟನ್ ಬಗ್ಗೆ ಯಾರೋ ಹೇಳಿದ್ರಂತೆ. ಆ ಅಡುಗೆ ಮಾಡೋರು ಯಾರು, ನನಗೆ ಹೆಡ್ ಶೆಫ್ ಆಗಿ ಬರ್ತಾರಾ ಅಂತ ಮೊದಲನೇ ದಿನವೇ ಕೇಳಿದ್ಲು.”

“ನೀವೇನಂದ್ರಿ?”

ಅವರು ಮೆಟ್ಟಿಲಿನ ಬಿರುಕನ್ನು ಬೆರಳಿನಿಂದ ಕೆರೆದರು.

“ನೀವೇನಂದ್ರಿ, ಕ್ಯಾಪ್ಟನ್?”

“ಅವರು ಬರಲ್ಲ ಅಂದೆ.”

“ಮೂರು ವಾರವೂ?”

“ಮೂರು ವಾರವೂ.”

ಇಷ್ಟು ದಿನ ಹೊಟ್ಟೆಯಲ್ಲಿ ಉರಿದದ್ದು ಒಂದು ಬೆಂಕಿ. ಈಗ ಎದ್ದದ್ದು ಬೇರೆ, ತಣ್ಣಗಿನದು. ಹೆಡ್ ಶೆಫ್. ಆ ಎರಡು ಶಬ್ದ ನನ್ನ ಬಾಗಿಲ ತನಕ ಮೂರು ಸಲ ಬಂದು ವಾಪಸು ಹೋಗಿತ್ತು. ಬಾಗಿಲು ಹಾಕಿದವರು ನನ್ನನ್ನು ಶೆಫ್ ಎಂದು ಕರೆಯುತ್ತಿದ್ದ ಒಬ್ಬರೇ ಒಬ್ಬರು.

“ನಾನು ಬರಲ್ಲ ಅಂತ ನಿಮಗೆ ಯಾರು ಹೇಳಿದ್ದು?” ಎಂದು ಕೇಳಿ ಎದ್ದು ಒಳಗೆ ಹೋದೆ. ಅವರು ಹಿಂದಿನಿಂದ ಏನೋ ಹೇಳಿದರು. ಕುಕ್ಕರಿನ ಸೀಟಿಯಲ್ಲಿ ಕೇಳಲಿಲ್ಲ. ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಮಾರನೆಯ ದಿನ ಆರ್ಡರ್ ಚೀಟಿಗಳ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಬಂತು. ಹಿಂದೆ ಅವರ ಅಕ್ಷರದಲ್ಲಿ: ‘ನಾಳೆ ನಿಮ್ಮ ರಜೆ. ಹೋಗಿ ನೋಡಿ. ಒಳ್ಳೆಯ ಅಡುಗೆಮನೆ.’

*

ಗೋದಾಮಿನಲ್ಲಿ ಬಣ್ಣದ ವಾಸನೆ. ಬಡಗಿಗಳು ಮೇಜು ಉಜ್ಜುತ್ತಿದ್ದರು. ಬುಧವಾರದಾಕೆ ಹಳೆಯ ಅಂಗಿ ಹಾಕಿಕೊಂಡು ಏಣಿಯ ಮೇಲೆ ನಿಂತು ಬಲ್ಬ್ ಸಿಕ್ಕಿಸುತ್ತಿದ್ದಳು. ಹತ್ತಿರದಿಂದ ನೋಡಿದರೆ ಅವಳಿಗೂ ಕಣ್ಣಿನ ಸುತ್ತ ಗೆರೆಗಳಿದ್ದವು. ಸಣ್ಣಬುದ್ಧಿ ಅನ್ನಿ, ಖುಷಿಯಾಯಿತು.

“ಬಂದ್ರಾ!” ಎಂದಳು, ನನ್ನನ್ನು ಕಾಯುತ್ತಿದ್ದವಳಂತೆ. “ಮೊದಲು ಒಲೆ ನೋಡಿ. ಮಾತು ಆಮೇಲೆ.”

ಆರು ಒಲೆ. ಸೊಂಟಕ್ಕೆ ಸರಿಯಾದ ಎತ್ತರದ ಕಟ್ಟೆ. ಒಲೆಯ ಎದುರಿಗೇ ಕಿಟಕಿ, ಅದರಲ್ಲಿ ಆಕಾಶ. ಏಳು ವರ್ಷದಿಂದ ನನ್ನ ಒಲೆಯ ಎದುರು ಗಡಿಯಾರ ಮಾತ್ರ ಇತ್ತು. ಕಟ್ಟೆಯ ಮೇಲೆ ಕೈ ಆಡಿಸಿದೆ.

ಅವಳು ಚಹಾ ಕೊಟ್ಟಳು. ಸುತ್ತಿ ಬಳಸಿ ಮಾತಾಡುವವಳಲ್ಲ.

“ನಾನು ಎರಡು ಕೆಲಸ ಇಟ್ಕೊಂಡು ಬಂದಿದ್ದೆ ಅಲ್ಲಿಗೆ. ನಿಮಗೆ ಸುಳ್ಳು ಹೇಳಲ್ಲ. ಒಂದು, ಶೆಫ್ ಬೇಕಿತ್ತು. ಇನ್ನೊಂದು, ಅವನು ಹೇಗಿದ್ದಾನೆ ನೋಡ್ಬೇಕಿತ್ತು. ನೋಡಿ, ಮ್ಯಾನೇಜರ್ ಆಗಿ ಬಾ ಅಂದೆ. ಒಂಬತ್ತು ವರ್ಷ ಆಯ್ತಲ್ಲ, ಸಿಟ್ಟು ಸವೆದಿರುತ್ತೆ, ಏನಾದ್ರೂ ಉಳಿದಿರಬಹುದು ಅಂತ.”

ಅವಳು ‘ಅವನು’ ಎಂದದ್ದು ನನ್ನ ಚರ್ಮಕ್ಕೆ ಚುಚ್ಚಿತು. ನಾನು ಇನ್ನೂ ‘ನೀವು’ ದಾಟಿರಲಿಲ್ಲ.

“ಉಳಿದಿತ್ತಾ?” ಎಂದೆ. ಲೋಟ ಗಟ್ಟಿಯಾಗಿ ಹಿಡಿದಿದ್ದೆ.

“ಹತ್ತು ನಿಮಿಷ ಮಾತಾಡಿದ್ರೆ ಆರು ಸಲ ಆ ಅಡುಗೆಮನೆ ಕಿಟಕಿ ಕಡೆ ನೋಡ್ತಾನೆ. ಇನ್ನೇನು ಉಳಿಯುತ್ತೆ?” ನಕ್ಕಳು. ನಗುವಿನ ಕೊನೆಯಲ್ಲಿ ಸ್ವಲ್ಪ ದಣಿವಿತ್ತು. “ಶೆಫ್ ಬರಲ್ಲ ಅಂದ. ಯಾಕೆ ಅಂದೆ. ಅವರಿಗೆ ಅಲ್ಲೇ ಇಷ್ಟ ಅಂದ. ಅವರನ್ನ ಕೇಳಿದ್ಯಾ ಅಂದೆ. ತೊದಲಿದ. ಈ ಮನುಷ್ಯ ಮುಳುಗಿದಾನೆ ಅಂತ ಆಗಲೇ ಗೊತ್ತಾಯ್ತು.”

ನಾನು ಲೋಟ ಕಟ್ಟೆಯ ಮೇಲಿಟ್ಟೆ. ಅವಳು ಮತ್ತೆ ಹೇಳಿದಳು, “ಆಗ ಅವನಿಗೆ ಮೀಸೆ ಇತ್ತು, ಗೊತ್ತಾ?”

“ಮೀಸೆನಾ?”

“ದಪ್ಪ ಮೀಸೆ. ಚೆನ್ನಾಗಿರ್ಲಿಲ್ಲ.”

ನಾನೆಂದೂ ನೋಡದ ಆ ಮೀಸೆಯ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ, ಅಲ್ಲೇ ಒಪ್ಪಿಕೊಂಡುಬಿಟ್ಟೆ. ಇಲ್ಲ, ಹಾಗಲ್ಲ. ಒಪ್ಪಿಕೊಂಡದ್ದು ಆ ಆರು ಒಲೆಗೆ, ಆ ಕಿಟಕಿಗೆ, ಬೋರ್ಡಿನ ಮೇಲೆ ನನ್ನ ಕೆಲಸದ ಸರಿಯಾದ ಹೆಸರು ಇರುತ್ತದೆ ಎಂಬುದಕ್ಕೆ. ಆದರೆ ಮೀಸೆಯೂ ಸ್ವಲ್ಪ ತಳ್ಳಿತು.

*

ಸೋಮವಾರ ಯಜಮಾನರಿಗೆ ಪತ್ರ ಕೊಟ್ಟೆ. ಓದಿ ಕನ್ನಡಕ ತೆಗೆದರು.

“ಏನಮ್ಮಾ ಇದು? ನೀನು ಹೋದ್ರೆ ಕ್ಯಾಪ್ಟನ್ ಮಾಡೋರ್ಯಾರು?”

“ಮಾಸ್ಟರ್ ಇದ್ದಾರಲ್ಲ ಸರ್. ಬೋರ್ಡಿನಲ್ಲಿ ಹಾಗೇ ಇದೆ.”

ಅವರು ಕೆಮ್ಮಿದರು, ಹಡಗಿನ ಹೆಸರು ಕೇಳಿದಾಗ ಕೆಮ್ಮುವ ಹಾಗೆ.

ಮಧ್ಯಾಹ್ನ ಹಾಲ್ ಮುಚ್ಚಿದ ಮೇಲೆ ನಾನು ಏಪ್ರನ್ ಬಿಚ್ಚಿ ಮೊದಲ ಸಲ ಅಡುಗೆಮನೆಯ ಮುಂಬಾಗಿಲು ದಾಟಿ ಡೈನಿಂಗ್ ಹಾಲಿಗೆ ಹೋದೆ. ಏಳು ವರ್ಷ ಅದನ್ನು ಕಿಟಕಿಯ ಅಗಲದಷ್ಟೇ ಕಂಡಿದ್ದೆ. ಅವರು ಒಬ್ಬರೇ ನ್ಯಾಪ್ಕಿನ್ ಮಡಿಸುತ್ತಿದ್ದರು. ನಾನು ಏಳನೇ ಟೇಬಲಿನಲ್ಲಿ ಕುಳಿತೆ. ಅಲ್ಲಿಂದ ನೋಡಿದರೆ ನನ್ನ ಕಿಟಕಿ ನೇರ ಎದುರಿಗೆ ಕಾಣುತ್ತಿತ್ತು.

ಅವರು ಬಂದು ನಿಂತರು, ಅಭ್ಯಾಸದಂತೆ.

“ಕೂತ್ಕೊಳ್ಳಿ,” ಎಂದೆ. “ಆರ್ಡರ್ ಕೊಡೋಕೆ ಬಂದಿಲ್ಲ.”

ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಎದುರು ಕುಳಿತರು. ಕೋಟಿಲ್ಲದೆ ಅವರ ಭುಜ ಚಿಕ್ಕದಾಗಿ ಕಂಡಿತು.

“ನಾನು ತಪ್ಪು ಮಾಡಿದೆ,” ಎಂದರು.

“ಅದು ಗೊತ್ತು. ನಾನೂ ಮಾಡಿದೀನಿ, ಆರು ಮೆಣಸಿನಕಾಯಿ. ಯಾಕೆ ಮಾಡಿದ್ರಿ, ಅದನ್ನ ಹೇಳಿ.”

ನ್ಯಾಪ್ಕಿನ್ ಒಂದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

“ಹೆದರಿಕೆ. ನೀವು ಎಷ್ಟು ದೊಡ್ಡ ಶೆಫ್ ಅಂತ ಊರಿಗೆಲ್ಲ ಗೊತ್ತಾಗ್ಲಿ ಅಂತ ಆಸೆ. ಗೊತ್ತಾದ ದಿನ ನೀವು ಹೊರಟುಹೋಗ್ತೀರ ಅಂತ ಹೆದರಿಕೆ. ಮೂರು ಗಂಟೆ ಆಗೋದನ್ನೇ ಕಾಯ್ಕೊಂಡು ಬೆಳಗ್ಗೆ ಏಳ್ತೀನಿ ನಾನು. ಅದನ್ನ ಕಳ್ಕೊಳ್ಳೋಕೆ ಆಗ್ಲಿಲ್ಲ. ಅವಳು ನಿಮ್ಮನ್ನ ಕೇಳಿದಾಗ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯ್ತು.”

“ನಿಮಗೆ? ಅವಳ ಮೇಲೆ?”

“ಹೂಂ. ನಿಮಗೆ ಕೊಡೋಕೆ ಅವಳ ಹತ್ರ ಒಂದು ಅಡುಗೆಮನೆ ಇತ್ತು. ನನ್ನ ಹತ್ರ ಏನಿತ್ತು? ಎರಡು ಮೆಟ್ಟಿಲು.”

ನನಗೆ ನಗು ಬಂತು, ಅಳುವೂ ಬಂತು. ಒಬ್ಬಳೇ ಹೆಂಗಸಿನ ಮೇಲೆ ಇಬ್ಬರೂ ಮೂರು ವಾರ ಹೊಟ್ಟೆ ಉರಿದುಕೊಂಡಿದ್ದೆವು. ಅವಳು ಪಾಪ, ಸೂಪು ಬ್ರೆಡ್ಡು ತಿಂದು ಹೋಗಿದ್ದಳು.

“ನಿಮ್ಮನ್ನೂ ಕರೆದಿದ್ದಾಳಂತೆ ಮ್ಯಾನೇಜರ್ ಕೆಲಸಕ್ಕೆ. ಬರ್ತೀರಾ?” ಎಂದೆ. ದನಿ ಆದಷ್ಟು ಹಗುರವಾಗಿಸಿದೆ. ಅವರು ಹೂಂ ಎಂದಿದ್ದರೆ ಏನು ಮಾಡುತ್ತಿದ್ದೆನೋ ದೇವರೇ ಬಲ್ಲ.

“ಬರಲ್ಲ. ಅದು ನಿಮ್ಮ ಜಾಗ. ಅಲ್ಲಿಗೆ ನಾನು ಬಂದ್ರೆ ನಿಮ್ಮ ಗಮನ ಅರ್ಧ ಒಲೆ ಮೇಲೆ, ಅರ್ಧ ನನ್ನ ಮೇಲೆ, ಅವಳ ಮೇಲೆ.” ತುಟಿ ಬಿಗಿ ಹಿಡಿದರು. ಭುಜ ಅಲುಗಿತು. ನಾನು ಕಣ್ಣು ಕೆಕ್ಕರಿಸಿದೆ. ಆಮೇಲೆ ಅವರ ಮುಖ ಮೆಲ್ಲಗೆ ಗಂಭೀರವಾಯಿತು. “ನೀವು ಅಲ್ಲಿರಿ, ನಾನು ಇಲ್ಲಿರ್ತೀನಿ. ಕೆಲಸ ಎರಡು ಕಡೆ ಇರ್ಲಿ. ಮನೆ ಒಂದೇ ಇರ್ಲಿ ಅಂತ... ಕೇಳ್ತಿದ್ದೀನಿ.”

ಹಾಲಿನಲ್ಲಿ ಮೂವತ್ತು ಖಾಲಿ ಟೇಬಲ್. ಎಲ್ಲವೂ ಕಿವಿಗೊಟ್ಟಂತಿತ್ತು. ಕಿಟಕಿಯಾಚೆ ಅಕ್ಕನ ಚಾಕುವಿನ ಸದ್ದು ನಿಂತಿತ್ತು. ಅದಂತೂ ಖಂಡಿತ ಕಿವಿಗೊಟ್ಟೇ ಇತ್ತು.

“ಮೊದಲು ಒಂದು ಮಾತು,” ಎಂದೆ. “ಇನ್ಮೇಲೆ ನನ್ನ ಪರವಾಗಿ, ನನ್ನನ್ನ ಕೇಳದೆ, ಯಾರಿಗೂ ಉತ್ತರ ಕೊಡಬಾರದು.”

“ಕೊಡಲ್ಲ.”

“ಪ್ರೀತಿಯಿಂದ ಕೂಡ ಕೊಡಬಾರದು.”

“ಪ್ರೀತಿಯಿಂದ ಕೂಡ ಕೊಡಲ್ಲ.” ಆ ಶಬ್ದ ನಮ್ಮಿಬ್ಬರ ನಡುವೆ ಮೊದಲ ಸಲ ಮೇಜಿನ ಮೇಲೆ ಬಂದದ್ದು ಹೀಗೆ, ನಿಬಂಧನೆಯ ರೂಪದಲ್ಲಿ. ಇಬ್ಬರಿಗೂ ಅದು ತಡವಾಗಿ ಹೊಳೆಯಿತು. ಅವರ ಕಿವಿ ಕೆಂಪಾಯಿತು.

ಅವರ ಬೋ ಟೈ ಅವತ್ತೂ ಓರೆಯಾಗಿತ್ತು. ಮೇಜಿನ ಮೇಲಿಂದ ಕೈ ಚಾಚಿ ಸರಿಮಾಡಿದೆ. ಸರಿಯಾದ ಮೇಲೂ ಕೈ ತೆಗೆಯಲಿಲ್ಲ.

“ಅಮ್ಮನ ಕಣ್ಣಿನ ಆಪರೇಷನ್ ಮುಗೀಲಿ,” ಎಂದೆ. “ಅವಳು ನಿಮ್ಮನ್ನ ಸರಿಯಾಗಿ ನೋಡಿ ಹೂಂ ಅನ್ಬೇಕಲ್ಲ.”

*

ಹೊಸ ಕೆಲಸಕ್ಕೆ ಸೇರಿ ಮೂರನೇ ವಾರ. ಅಮ್ಮನ ಕಣ್ಣಿನ ಕಟ್ಟು ಬಿಚ್ಚಿ ಎರಡು ದಿನವಾಗಿತ್ತು. ಅವಳು ಅವರನ್ನು ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ನೋಡಿ, “ಮನುಷ್ಯ ತೆಳ್ಳಗಿದ್ದಾನೆ, ಆದ್ರೆ ನೋಟ ಚೆನ್ನಾಗಿದೆ,” ಎಂದಿದ್ದಳು. ರಿಜಿಸ್ಟ್ರಾರ್ ಆಫೀಸಿನಲ್ಲಿ ಇನ್ನೂ ದಿನ ಸಿಕ್ಕಿರಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ, ಸಂಜೆಯ ತಯಾರಿಗೆ ಮೊದಲು ಸಿಗುವ ಬಿಡುವಿನಲ್ಲಿ, ಹಿಂದಿನ ಗೇಟಿನಿಂದ ಮಾತು ಕೇಳಿಸಿತು. ಗಂಡು ದನಿ, ಹೆಣ್ಣು ದನಿ. ಹೆಣ್ಣು ದನಿ ನಗುತ್ತಿತ್ತು. ನಾನು ಸೌಟು ಬಿಟ್ಟು ಹೊರಟೆ. ಓಡಲಿಲ್ಲ, ಬೇಗ ನಡೆದೆ.

ಗೇಟಿನಲ್ಲಿ ಅವರು ನಿಂತಿದ್ದರು, ರಜೆಯ ದಿನದ ನೀಲಿ ಅಂಗಿಯಲ್ಲಿ. ಪಕ್ಕದಲ್ಲಿ ಬುಧವಾರದಾಕೆ, ನನ್ನ ಯಜಮಾನಿ. ಇಬ್ಬರ ನಡುವೆ ಗಾರ್ಡ್ ಅಣ್ಣ, ದೊಡ್ಡ ಪುಸ್ತಕ ಬಿಡಿಸಿಕೊಂಡು.

“ನೋಡಿ ಶೆಫ್,” ಎಂದಳು ಆಕೆ. “ಅಡುಗೆಮನೆಗೆ ಯಾರು ಬಂದ್ರೂ ಪುಸ್ತಕದಲ್ಲಿ ಬರೀಬೇಕು ಅಂತ ನಾನೇ ರೂಲ್ ಮಾಡಿದ್ದು. ಇವರು ‘ಸಂಬಂಧ’ ಅನ್ನೋ ಕಡೆ ಏನೂ ಬರೀತಿಲ್ಲ. ಶೆಫ್‌ನ ಕೇಳದೆ ಉತ್ತರ ಕೊಡೋ ಹಾಗಿಲ್ವಂತೆ. ನನ್ನ ಹಳೇ ಸ್ನೇಹಿತ ಅಂತ ಬರೆಸಿಬಿಡ್ಲಾ?”

ಅವಳ ಕಣ್ಣಿನಲ್ಲಿ ತುಂಟತನವಿತ್ತು. ಅವರು ನನ್ನ ಕಡೆ ನೋಡಿ ಭುಜ ಕುಣಿಸಿದರು.

“ಬೇಡ,” ಎಂದೆ. ಎಲ್ಲ ಕಡೆಗೂ ಕೇಳುವಷ್ಟು ಜೋರಾಗಿಯೇ ಬಂತು ಮಾತು. “ಇವರು ನಮ್ಮೋರು.”

ಬಡಗಿಯೊಬ್ಬ ತಿರುಗಿ ನೋಡಿದ. ಗಾರ್ಡ್ ಅಣ್ಣ ಪೆನ್ನು ಎತ್ತಿ ಹಿಡಿದು, “ಹಂಗಂದ್ರೆ ನಿಮ್ಮ ಯಜಮಾನರು ಅಂತ ಬರೀಲಾ ಮೇಡಂ?” ಎಂದರು.

“ಬರೀರಿ,” ಎಂದರು ಅವರೇ, ನಾನು ಬಾಯಿ ತೆರೆಯುವ ಮೊದಲು. ಕೇಳದೆ ಕೊಟ್ಟ ಆ ಒಂದು ಉತ್ತರಕ್ಕೆ ನಾನು ತಕರಾರು ಮಾಡಲಿಲ್ಲ.

ಗಾರ್ಡ್ ಅಣ್ಣ ಅಕ್ಷರಕ್ಕೆ ಅಕ್ಷರ ಕೂಡಿಸಿ ನಿಧಾನವಾಗಿ ಬರೆದರು. ನಾವು ಮೂವರೂ ಅದು ಮುಗಿಯುವ ತನಕ ನಿಂತು ನೋಡಿದೆವು. ಒಳಗೆ ನಡೆಯುವಾಗ ನಾನು ಅವರ ತೋಳಿಗೆ ತೋಳು ಸೇರಿಸಿಕೊಂಡೆ. ಬುಧವಾರದಾಕೆ ಹಿಂದಿನಿಂದ ನೋಡುತ್ತಿದ್ದಳು ಎಂಬುದು ಅದಕ್ಕೆ ಅರ್ಧ ಕಾರಣ ಮಾತ್ರ.